ಎರೆ ಹೊಲದ ಮೇಲೆ ಬಿಳಿ ಕಲೆ

ತುಂಗಭದ್ರೆಯ ನೀರನ್ನು ಕಟ್ಟಿ ನಿಲ್ಲಿಸುವ ಮಾತನ್ನು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ಆಡಿದ್ದರು. ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು. ಒಂದು ದಂಡೆ ಮದ್ರಾಸ್ ಸರ್ಕಾರದ್ದು, ಇನ್ನೊಂದು ದಂಡೆ ಹೈದರಾಬಾದ್ ನಿಜಾಮರದ್ದು. ಹೊಳೆ ಒಂದೇ, ಬರಗಾಲವೂ ಎರಡೂ ದಂಡೆಗೆ ಒಂದೇ. 1953ರಲ್ಲಿ ಕಾಲುವೆಗೆ ನೀರು ಬಂದಾಗ ನಿಜಾಮರ ಆಳ್ವಿಕೆ ಮುಗಿದು ಐದು ವರ್ಷವಾಗಿತ್ತು. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಇನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಅವು ಸೇರಿ ಕೊಪ್ಪಳ ಜಿಲ್ಲೆಯಾಗಲು 1998ರವರೆಗೆ ಕಾಯಬೇಕಾಯಿತು.

ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಹಾದು ಸಿಂಧನೂರು, ಮಾನ್ವಿಗಳ ಮೇಲೆ ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹರಿಯುತ್ತದೆ. ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳ ತಾಲ್ಲೂಕಿನ ಬಹುಭಾಗ ಅದರ ಮಟ್ಟಕ್ಕಿಂತ ಮೇಲೆಯೇ ಉಳಿದವು. ಒಂದೇ ಜಿಲ್ಲೆಯಲ್ಲಿ ಒಂದು ಪಾಲಿನ ನೆಲ ನೀರು ಹೆಚ್ಚಾಗಿ ಕೆಟ್ಟಿತು, ಉಳಿದ ಪಾಲು ನೀರಿಲ್ಲದೆ ಸವೆಯಿತು. ಈ ಎರಡೂ ಕೇಡುಗಳನ್ನು ಒಟ್ಟಿಗೆ, ಒಂದೇ ಹಾಳೆಯ ಮೇಲೆ ಮೊದಲು ತೋರಿಸಿದ್ದು ಆಕಾಶದಿಂದ ತೆಗೆದ ಚಿತ್ರಗಳು. ಈ ಲೇಖನ ಆ ಚಿತ್ರಗಳ ಕಥೆ, ಅವು ಹೇಳಿದ್ದನ್ನು ನಾವು ಎಷ್ಟು ಕೇಳಿದೆವು ಎಂಬುದರ ಕಥೆ.

ಕಾಲುವೆಯನ್ನು ರೂಪಿಸಿದವರ ಲೆಕ್ಕ ಸರಿಯಾಗಿಯೇ ಇತ್ತು. ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ, ಇಂಗಿದ್ದು ಬೇಗ ಬಸಿಯುವುದಿಲ್ಲ. ಅದಕ್ಕೇ ನೀರನ್ನು ತೆಳ್ಳಗೆ, ಅಗಲವಾಗಿ ಹಂಚಬೇಕು ಎಂದು ಗೊತ್ತುಮಾಡಿದ್ದರು. ಯಾವ ಸರ್ವೆ ನಂಬರಿಗೆ ಯಾವ ಹಂಗಾಮಿನಲ್ಲಿ ಯಾವ ಬೆಳೆಗೆ ನೀರು ಎಂಬುದು ಕಾಗದದ ಮೇಲೆ ನಿಗದಿಯಾಗಿತ್ತು. ಬಹುಪಾಲು ನೆಲ ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆಗಳಿಗೆ. ಭತ್ತಕ್ಕೆ ಸಣ್ಣ ಪಾಲು. ನಡೆದದ್ದು ಬೇರೆ. ಕೃಷ್ಣಾ, ಗೋದಾವರಿ ಮುಖಜಭೂಮಿಯ ರೈತರು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಕೆಸರುಗದ್ದೆಯ ಬೇಸಾಯದಲ್ಲಿ ಅವರು ನುರಿತವರು. ಭತ್ತದ ಹಣ ಕಂಡ ಸ್ಥಳೀಯ ರೈತರೂ ಅದೇ ದಾರಿ ಹಿಡಿದರು. ಗಂಗಾವತಿ ‘ಭತ್ತದ ಕಣಜ’ ಎನಿಸಿಕೊಂಡಿತು, ಊರ ತುಂಬ ಅಕ್ಕಿ ಗಿರಣಿಗಳೆದ್ದವು. ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಎದುರಿಗೆ ನೀರು ಹರಿಯುತ್ತಿರುವಾಗ, ಒಂದು ಎಕರೆ ಜೋಳಕ್ಕಿಂತ ಒಂದು ಎಕರೆ ಭತ್ತ ಹಲವು ಪಟ್ಟು ತರುವಾಗ, ಕಾಗದದ ಮೇಲಿನ ನಿಗದಿಯನ್ನು ಪಾಲಿಸು ಎಂದು ರೈತನೊಬ್ಬನಿಗೇ ಹೇಳಿದರೆ ಆದೀತೆ? ಪಾಲಿಸುವಂತೆ ನೋಡಿಕೊಳ್ಳಬೇಕಾದ ವ್ಯವಸ್ಥೆ ಕಣ್ಣು ಮುಚ್ಚಿತು. 1990ರ ದಶಕದ ಆರಂಭದಲ್ಲಿ ಈ ಕಾಲುವೆಯ ಮೇಲೆ ಸಂಶೋಧನೆ ನಡೆಸಿದ ಡಚ್ ವಿದ್ವಾಂಸ ಪೀಟರ್ ಮೊಲಿಂಗಾ, ಮೇಲ್ಭಾಗದವರ ಭತ್ತಕ್ಕೂ ಕೆಳಭಾಗದವರ ಒಣ ಕಾಲುವೆಗೂ ಇರುವ ನಂಟನ್ನು ಪುಸ್ತಕವೊಂದರಲ್ಲಿ ವಿವರವಾಗಿ ದಾಖಲಿಸಿದರು.

ಅಷ್ಟು ಹೊತ್ತಿಗೆ ನೆಲ ತನ್ನ ಮಾತನ್ನು ಹೇಳಿಯಾಗಿತ್ತು. ಎರೆ ಮಣ್ಣಿನ ಆಳದಲ್ಲಿ, ಅದರ ಕೆಳಗಿನ ಕೊಳೆತ ಕಲ್ಲಿನಲ್ಲಿ, ಲವಣ ಹಿಂದಿನಿಂದಲೂ ಇತ್ತು. ಮಳೆಯ ಬೇಸಾಯದಲ್ಲಿ ಅದು ಅಲ್ಲೇ ತೆಪ್ಪಗಿತ್ತು. ವರ್ಷಕ್ಕೆರಡು ಬಾರಿ ಮಡಿ ತುಂಬ ನೀರು ನಿಲ್ಲತೊಡಗಿದ ಮೇಲೆ ಒಳನೀರಿನ ಮಟ್ಟ ವರ್ಷ ವರ್ಷ ಮೇಲೇರಿತು. ಅದು ಬೇರಿನ ಸಮೀಪಕ್ಕೆ ಬಂದಾಗ, ಬತ್ತಿ ಎಣ್ಣೆ ಹೀರುವಂತೆ ಮಣ್ಣು ಆ ಉಪ್ಪುನೀರನ್ನು ಮೇಲಕ್ಕೆ ಹೀರಿತು. ನೀರು ಬಿಸಿಲಿಗೆ ಆವಿಯಾಯಿತು, ಉಪ್ಪು ನೆಲದ ಮೇಲೆ ಉಳಿಯಿತು. ಇದಕ್ಕೆ ಇಲ್ಲಿಯ ಜನ ಜೋಡು ಮಾತೊಂದನ್ನು ಬಳಸುತ್ತಾರೆ: ಸವಳು–ಜವಳು. ನೀರು ನಿಂತು ಕಾಲಿಟ್ಟರೆ ಹೂತುಹೋಗುವುದು ಜವಳು, ಉಪ್ಪೆದ್ದು ಬೆಳೆ ಸುಡುವುದು ಸವಳು. ‘ಹೊಲ ಸವಳ ಎದ್ದೈತಿ’ ಎಂದು ಒಬ್ಬ ರೈತ ಹೇಳಿದನೆಂದರೆ ಆ ಹೊಲದ ಬೆಲೆ ಅವತ್ತೇ ಬಿತ್ತು ಎಂದು ತಿಳಿಯಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಅಂಕಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಕರೆ ಲೆಕ್ಕದಲ್ಲಿ ಅದು ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು.

ರೈತನಿಗೆ ತನ್ನ ಹೊಲದ ಸವಳು ಗೊತ್ತು, ಬದುವಿನಾಚೆಯ ಹೊಲದ್ದೂ ಗೊತ್ತು. ಆದರೆ ತನ್ನ ಹೊಲಕ್ಕೆ ಬಂದ ಉಪ್ಪುನೀರು ನಾಲ್ಕು ಹಳ್ಳಿ ಮೇಲಿನ ಯಾವ ಉಪಕಾಲುವೆಯಿಂದ ಬಸಿದದ್ದು, ಇಡೀ ಹಳ್ಳದ ಪಾತ್ರ ಎಲ್ಲಿಂದ ಎಲ್ಲಿಯವರೆಗೆ ಕೆಟ್ಟಿದೆ ಎಂಬುದು ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಅದನ್ನು ಕಾಣಲು ಎತ್ತರಕ್ಕೆ ಹೋಗಬೇಕಿತ್ತು.

1972ರ ಜುಲೈ 23ರಂದು ಅಮೆರಿಕ ನೆಲವನ್ನು ನೋಡಲೆಂದೇ ಮೊದಲ ಉಪಗ್ರಹವನ್ನು ಹಾರಿಸಿತು. ಮುಂದೆ ಅದಕ್ಕೆ ಲ್ಯಾಂಡ್‌ಸ್ಯಾಟ್ ಎಂಬ ಹೆಸರಾಯಿತು. ಅದೇ ವರ್ಷ ದಖ್ಖನಿನಲ್ಲಿ ಘೋರ ಬರ. ಈ ಸೀಮೆಯ ಹಿರಿಯರು ಇವತ್ತಿಗೂ ವಯಸ್ಸಿನ ಲೆಕ್ಕ ಹಾಕುವುದು ಆ ಬರದಿಂದ. ಆ ಉಪಗ್ರಹದ ಚಿತ್ರದ ಒಂದು ಚುಕ್ಕೆಯಲ್ಲಿ ಸುಮಾರು ಒಂದೂವರೆ ಎಕರೆ ನೆಲ ಅಡಗುತ್ತಿತ್ತು. ಹೊಲ ಕಾಣುತ್ತಿರಲಿಲ್ಲ, ಸೀಮೆ ಕಾಣುತ್ತಿತ್ತು. ಎರಡು ವರ್ಷದ ಮೇಲೆ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಶುರುವಾಯಿತು. 1986ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದ್ದೇ ದೂರಸಂವೇದಿ ಅನ್ವಯಿಕ ಕೇಂದ್ರ ಬಂತು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಮೇಲೇರಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ಬಾಹ್ಯಾಕಾಶದ ಕೆಲಸ ಬರ, ನೀರು, ಬೇಸಾಯಕ್ಕೆ ಒದಗದಿದ್ದರೆ ಬಡ ದೇಶಕ್ಕೆ ಅದರಿಂದ ಏನು ಬಂತು ಎಂಬುದು ಅವರು ಬದುಕಿನುದ್ದಕ್ಕೂ ಕೇಳಿದ ಪ್ರಶ್ನೆ. ಆ ಉಪಗ್ರಹ 22 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತಿತ್ತು. ಅದರ ಎರಡನೇ ಬಗೆಯ ಕ್ಯಾಮೆರಾದ ಚುಕ್ಕೆ ಹದಿಮೂರು ಗುಂಟೆಯಷ್ಟು. ಇವತ್ತು ಯುರೋಪಿನ ಸೆಂಟಿನೆಲ್–2 ಉಚಿತವಾಗಿ ಕೊಡುವ ಚಿತ್ರದ ಚುಕ್ಕೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಒಂದೂವರೆ ಎಕರೆಯಿಂದ ಒಂದು ಗುಂಟೆಗೆ ಇಳಿದ ಈ ನಾಲ್ಕು ದಶಕಗಳ ದಾರಿಯನ್ನು ನಾನು ಸಣ್ಣದೆಂದು ಎಣಿಸಲಾರೆ.

ಚಿತ್ರವನ್ನು ಓದುವುದು ಹೇಗೆ? ಹಸಿರೆಲೆ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಜೋರಾಗಿ ತಿರುಗಿಸಿ ಕಳಿಸುತ್ತದೆ. ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟು ಅಚ್ಚು ಹಾಕುವುದು ಈ ಕೆಲಸದವರ ರೂಢಿ. ಹೀಗಾಗಿ ಗಂಗಾವತಿಯ ಭತ್ತದ ಗದ್ದೆಗಳು ಚಿತ್ರದಲ್ಲಿ ಕಡುಗೆಂಪು. ಜಲಾಶಯ ಕಪ್ಪು. ಜವಳು ಹಿಡಿದ ನೆಲ ಮಸಿ ಬಳಿದಂತೆ ಕಪ್ಪುನೀಲಿ. ಉಪ್ಪೆದ್ದ ನೆಲ ಎಲ್ಲ ಬೆಳಕನ್ನೂ ತಿರುಗಿಸುವುದರಿಂದ ಬೆಳ್ಳಗೆ ಹೊಳೆಯುತ್ತದೆ. ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಹಳ್ಳದ ಮರಳೂ ಬಿಳಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯ ಪುಡಿಯೂ ಬಿಳಿ, ಆನೆಗೊಂದಿ ಸುತ್ತಿನ ಬೋಳು ಬಂಡೆಗಳೂ ಬಿಸಿಲಿಗೆ ಬಿಳಿಚುತ್ತವೆ. ಅದಕ್ಕೇ ಪ್ರತಿ ಬಿಳಿ ಕಲೆಯ ಗುರುತನ್ನೂ ಹಿಡಿದು ಯಾರಾದರೂ ಆ ಜಾಗಕ್ಕೆ ಹೋಗಿ, ಮಣ್ಣು ಅಗೆದು, ಚೀಲದಲ್ಲಿ ತುಂಬಿ ತಂದು, ಪ್ರಯೋಗಾಲಯದಲ್ಲಿ ಅಳೆದು ನೋಡಲೇಬೇಕು. ಮಣ್ಣಿನ ಸಾರದಲ್ಲಿ ವಿದ್ಯುತ್ ಹರಿಯುವ ಶಕ್ತಿ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಉಪ್ಪು ನೆಲ. ಸೋಡಿಯಂ ಮೇಲುಗೈಯಾಗಿ ರಸಸಾರ 8.5 ದಾಟಿದರೆ ಅದು ಕ್ಷಾರದ ನೆಲ. ಮೊದಲನೆಯದಕ್ಕೆ ಬಸಿಗಾಲುವೆ ಮದ್ದು, ಎರಡನೆಯದಕ್ಕೆ ಜಿಪ್ಸಂ ಕೂಡ ಬೇಕು. ಎರಡನ್ನೂ ಒಂದೇ ಎಂದುಕೊಂಡು ಹಣ ಸುರಿದರೆ ನೆಲ ಗುಣವಾಗದು.

ಎರೆ ಭೂಮಿ ಉಪಗ್ರಹಕ್ಕೆ ಇನ್ನೊಂದು ಮೋಸ ಮಾಡುತ್ತದೆ. ಗಂಗೆಯ ಬಯಲಿನ ಉಪ್ಪು ನೆಲ ಬೇಸಿಗೆಯಲ್ಲಿ ಹಾಲು ಚೆಲ್ಲಿದಷ್ಟು ಬಿಳಿ. ಇಲ್ಲಿ ಹಾಗಲ್ಲ. ಕರಿಮಣ್ಣಿನ ಬಣ್ಣ ಉಪ್ಪಿನ ಹೊಳಪನ್ನು ನುಂಗುತ್ತದೆ. ಕ್ಷಾರ ಹಿಡಿದ ಎರೆಯಂತೂ ಮೇಲ್ನೋಟಕ್ಕೆ ಒಳ್ಳೆಯ ಎರೆಯಂತೆಯೇ ಇರುತ್ತದೆ. ಮಳೆ ಬಂದಾಗ ಅಂಟಂಟಾಗಿ ಉಬ್ಬುತ್ತದೆ, ಒಣಗಿದಾಗ ಕಲ್ಲಾಗುತ್ತದೆ, ಒಳಗೆ ಬೇರಿಗೆ ಉಸಿರಿರುವುದಿಲ್ಲ. ಅದರ ಮೇಲೆ ವರ್ಷದ ಬಹುಕಾಲ ಭತ್ತದ ಹಸಿರು ಹೊದಿಕೆ. ಭತ್ತ ನಿಂತ ನೀರಿನಲ್ಲಿ ಉಪ್ಪನ್ನು ಕೆಳಕ್ಕೆ ತಳ್ಳಿ ಹೇಗೋ ಬೆಳೆಯುತ್ತದೆ. ಆದ್ದರಿಂದ ಮೇಲಿನಿಂದ ನೋಡಿದ ಕಣ್ಣಿಗೆ ಅಲ್ಲಿ ಕೆಂಪು ಬಣ್ಣದ ಸುಭಿಕ್ಷ. ಹಿಂಗಾರು ಬೆಳೆ ಕೊಯ್ದು ಮುಂಗಾರು ಬರುವ ಮೊದಲಿನ ಸಣ್ಣ ಕಿಂಡಿಯಂಥ ವಾರಗಳಲ್ಲಿ, ಏಪ್ರಿಲ್–ಮೇ ಬಿಸಿಲಿನಲ್ಲಿ, ನೆಲ ಬೋಳಾದಾಗ ಮಾತ್ರ ಸವಳು ಮುಖ ತೋರಿಸುತ್ತದೆ. ಇಲ್ಲಿಯ ಸವಳಿನ ನಕ್ಷೆಗೆ ಬರೀ ಚಿತ್ರ ಓದುವವರು ಸಾಲದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಎರಡನೇ ಬೆಳೆ ಯಾವಾಗ ಕೊಯ್ಲಾಯಿತು, ಯಾವ ತೂಬು ಯಾವಾಗ ಮುಚ್ಚಿತು ಎಂಬುದನ್ನು ಬಲ್ಲವರು ಜೊತೆಗಿರಬೇಕು.

ದೇಶದ ಸವಳು ನೆಲದ ಮೊದಲ ದೊಡ್ಡ ನಕ್ಷೆ 1990ರ ದಶಕದ ನಡುವೆ ಹೊರಬಂತು. ಹೈದರಾಬಾದಿನ ದೂರಸಂವೇದಿ ಸಂಸ್ಥೆ, ಕರ್ನಾಲಿನ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆ, ಮಣ್ಣು ಸಮೀಕ್ಷೆಯ ರಾಷ್ಟ್ರೀಯ ಬ್ಯೂರೋ ಸೇರಿ ಮಾಡಿದ ಕೆಲಸ ಅದು. ದೇಶದಲ್ಲಿ ಒಟ್ಟು 67 ಲಕ್ಷ ಹೆಕ್ಟೇರ್ ಹೀಗೆ ಕೆಟ್ಟಿದೆ ಎಂಬ ಲೆಕ್ಕ ಆ ನಕ್ಷೆಗಳ ಬುನಾದಿಯ ಮೇಲೆ ನಿಂತಿತು. ಆದರೆ ಅದರ ಅಳತೆ ಎರಡೂವರೆ ಲಕ್ಷಕ್ಕೆ ಒಂದು. ಹತ್ತು ಎಕರೆಯ ಹೊಲ ಆ ಹಾಳೆಯ ಮೇಲೆ ಒಂದು ಮಿಲಿಮೀಟರ್ ಕೂಡ ಆಗದು. ದಿಲ್ಲಿಯಲ್ಲಿ ಕುಳಿತು ಯೋಜನೆ ಬರೆಯುವವರಿಗೆ ಅದು ಸಾಕಿತ್ತು, ಗಂಗಾವತಿ ಸೀಮೆಯ ಕಾರಟಗಿಯ ರೈತನಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ಮದ್ದು ಏನೆಂದು ಗೊತ್ತಿಲ್ಲದೆ ಇರಲಿಲ್ಲ. ಗಂಗಾವತಿ ಕೇಂದ್ರ ಮೊದಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು, 1986ರ ಬಳಿಕ ಧಾರವಾಡದ್ದು, ಈಗ ರಾಯಚೂರಿನದು. ಯಜಮಾನರು ಬದಲಾದರೂ ಸವಳಿನ ಮೇಲಿನ ಅದರ ಕೆಲಸ ನಿಲ್ಲಲಿಲ್ಲ. 1990ರ ದಶಕದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್ ನೆರವಿನ ಯೋಜನೆಯಲ್ಲಿ ಒಳ ಬಸಿಗಾಲುವೆಯ ಪ್ರಯೋಗಗಳು ನಡೆದವು. ಹೊಲದಡಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಕೊಳವೆ ಹೂಳಿ ಉಪ್ಪುನೀರನ್ನು ಹಳ್ಳಕ್ಕೆ ಬಸಿಯುವ ವಿಧಾನ ಅದು. ನೆಲ ಗುಣವಾಗುತ್ತದೆ. ಆದರೆ ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕು. ಹಳ್ಳದಲ್ಲಿ ಹೂಳು, ಜೇಕು ತುಂಬಿದ್ದರೆ ಕೊಳವೆ ಹಾಕಿ ಪ್ರಯೋಜನವಿಲ್ಲ. ಇದು ಊರು ಊರೇ ಕೂಡಿ ಮಾಡುವ ಕೆಲಸ, ಮತ್ತು ಅದಕ್ಕೆ ಊರಿನ ಮಟ್ಟದ ನಕ್ಷೆ ಬೇಕು.

ಊರಿನ ಮಟ್ಟದ ನಕ್ಷೆ ಮೊದಲು ಬಂದದ್ದು ಕಾಲುವೆಯ ಕಡೆಗಲ್ಲ, ಒಣ ಸೀಮೆಗೆ. ಕುಷ್ಟಗಿ, ಯಲಬುರ್ಗಾಗಳ ಕೇಡು ಬೇರೆ ಜಾತಿಯದು. ಅಲ್ಲಿ ಮಸಾರಿಯ ಮೇಲ್ಪದರ ಮಳೆಯ ಮೊದಲ ಏಟಿಗೇ ತೊಳೆದು ಹೋಗುತ್ತದೆ, ಕೊರಕಲು ವರ್ಷಕ್ಕೊಂದು ಮಾರು ಮೇಲಕ್ಕೆ ಹತ್ತುತ್ತದೆ, ಕೆಳಗಿನಿಂದ ಗರಸು ಎದ್ದು ಬರುತ್ತದೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ 2016ರಲ್ಲಿ ಪ್ರಕಟಿಸಿದ ಮರುಭೂಮೀಕರಣದ ಅಟ್ಲಾಸ್ ಕರ್ನಾಟಕದ ನೆಲದಲ್ಲಿ ಶೇ. 36ರಷ್ಟು ಸವೆದಿದೆ ಎಂದಿತು. ಅದರಲ್ಲಿ ಸಿಂಹಪಾಲು ಹರಿಯುವ ನೀರು ಕೊಚ್ಚಿದ್ದು. ವಿಶ್ವ ಬ್ಯಾಂಕ್ ನೆರವಿನ ಸುಜಲಾ–3 ಯೋಜನೆ ಕೊಪ್ಪಳವೂ ಸೇರಿ ಹನ್ನೊಂದು ಜಿಲ್ಲೆಗಳಲ್ಲಿ 2013ರ ಹೊತ್ತಿಗೆ ಶುರುವಾದಾಗ ಮಾಡಿದ ದೊಡ್ಡ ಕೆಲಸವೆಂದರೆ ಭೂಸಂಪನ್ಮೂಲದ ದಾಖಲೆ. ಉಪಗ್ರಹ ಚಿತ್ರವನ್ನು ಹಳೆಯ ಗ್ರಾಮನಕ್ಷೆಯ ಮೇಲೆ ಕೂಡಿಸಿದರು. ಅಳತೆ 7,920ಕ್ಕೆ ಒಂದು, ಅಂದರೆ ಅಂಗುಲಕ್ಕೆ ಒಂದು ಫರ್ಲಾಂಗ್. ಶಾನುಭೋಗರ ಕಾಲದಿಂದ ನಡೆದುಬಂದ ಅಳತೆಯೇ. ಸರ್ವೆ ನಂಬರಿನ ಗೆರೆ ಹಿಡಿದು ವಿಜ್ಞಾನಿಗಳು ಹೊಲ ಹೊಲ ನಡೆದರು, ಆಯ್ದ ಕಡೆ ಆಳುದ್ದದ ಗುಂಡಿ ತೆಗೆದು ಮಣ್ಣಿನ ಪದರಗಳನ್ನು ಬರೆದುಕೊಂಡರು. ಯಾವ ನಂಬರಿನಲ್ಲಿ ಮಣ್ಣು ಎಷ್ಟು ಆಳ, ಇಳಿಜಾರು ಎಷ್ಟು, ಕೊಚ್ಚಣೆ ಎಷ್ಟು, ಯಾವ ಬೆಳೆ ಒಗ್ಗುತ್ತದೆ, ಒಡ್ಡು ಎಲ್ಲಿ ಹಾಕಬೇಕು ಎಂಬುದು ಕಿರುಜಲಾನಯನಕ್ಕೊಂದರಂತೆ ವರದಿಯಾಗಿ ಬಂತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಎಷ್ಟೋ ಹಳ್ಳಿಗಳ ಹೆಸರಿನಲ್ಲಿ ಈ ವರದಿಗಳಿವೆ. ಈ ಜಿಲ್ಲೆಯ ನೆಲದ ಬಗ್ಗೆ ಇದಕ್ಕಿಂತ ಒಳ್ಳೆಯ ಕೆಲಸ ನಡೆದದ್ದನ್ನು ನಾನು ಕಾಣೆ.

ಬರದ ಲೆಕ್ಕಕ್ಕೂ ಉಪಗ್ರಹವೇ ಸಾಕ್ಷಿ. ಕರ್ನಾಟಕ 1988ರಲ್ಲೇ, ದೇಶದಲ್ಲಿ ಮೊದಲು, ಬರ ಮೇಲ್ವಿಚಾರಣೆಗೆ ಪ್ರತ್ಯೇಕ ಘಟಕ ಕಟ್ಟಿತು. ಕೇಂದ್ರದ 2016ರ ಬರ ಕೈಪಿಡಿ ಬಂದ ಮೇಲೆ ಬೆಳೆಯ ಹಸಿರನ್ನು ಅಳೆಯುವ ಉಪಗ್ರಹ ಸೂಚ್ಯಂಕವೂ ಬರ ಘೋಷಣೆಯ ಮಾನದಂಡಗಳಲ್ಲಿ ಒಂದಾಯಿತು. 2023ರಲ್ಲಿ ಇದರ ಇಕ್ಕಟ್ಟು ಬಯಲಾಯಿತು. ಮುಂಗಾರು ಕೈಕೊಟ್ಟಿತ್ತು, ನಡುನಡುವೆ ಬಿದ್ದ ಹನಿಗೆ ಗಿಡ ಹಸಿರಾಗಿಯೇ ಇತ್ತು, ತೆನೆಯಲ್ಲಿ ಕಾಳಿರಲಿಲ್ಲ. ರಾಜ್ಯ ಸರ್ಕಾರ ಇದನ್ನು ‘ಹಸಿರು ಬರ’ ಎಂದು ಕರೆದು ಕೇಂದ್ರಕ್ಕೆ ವಿವರಿಸಬೇಕಾಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿಗಳ ಫ್ಲೋರೈಡ್ ಕೂಡ ಆಕಾಶದಿಂದ ಕಾಣುವಂಥದಲ್ಲ. ಬಾವಿ ಬಾವಿಯ ನೀರು ತಂದು ಅಳೆದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದನ್ನು ನಕ್ಷೆಯಲ್ಲಿ ಗುರುತು ಹಾಕಿದಾಗಲೇ ಅದರ ಹರವು ತಿಳಿಯುವುದು.

ಮೇಲಿನ ಸೀಮೆಗಳಲ್ಲಿ ಕೊಚ್ಚಿದ ಮಣ್ಣು ಎಲ್ಲಿ ಹೋಯಿತು? ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗಿನ ಲೆಕ್ಕ 105.788 ಟಿಎಂಸಿ. ದೋಣಿಯಲ್ಲಿ ಹೋಗಿ ಆಳ ಅಳೆಯುವ ಹಳೆಯ ಕ್ರಮದ ಜೊತೆಗೆ ಈಗ ಉಪಗ್ರಹದ ಕ್ರಮವೂ ಇದೆ: ನೀರಿನ ಮಟ್ಟ ಇಳಿಯುತ್ತ ಹೋದಂತೆ ಪ್ರತಿ ಮಟ್ಟದಲ್ಲೂ ನೀರಿನ ಅಂಚನ್ನು ಚಿತ್ರದಲ್ಲಿ ಗುರುತಿಸಿ, ಹರವು ಎಷ್ಟು ಕುಗ್ಗಿತೆಂದು ನೋಡಿ, ಹೂಳಿನ ಪ್ರಮಾಣ ಕಂಡುಕೊಳ್ಳುವುದು. ಹೂಳಿಗೆ ಹೋದ ನೀರಿಗೆ ಬದಲಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ನೀರು ಕಡಿಮೆಯಾದರೂ ಭತ್ತ ಕಡಿಮೆಯಾಗಲಿಲ್ಲ. ಕೊರತೆಯ ಹೊರೆ ಕಾಲುವೆಯ ಕೊನೆಯವರ ಮೇಲೆ ಬಿತ್ತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೊಳೆಗೆ ಹೋಗುತ್ತಿದ್ದರೆ ಅಚ್ಚುಕಟ್ಟಿನ ಊರುಗಳಲ್ಲಿ ಜನ ನಿದ್ದೆಗೆಟ್ಟರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಕಿಂಡಿ ಮುಚ್ಚಿದ್ದು ನಮ್ಮ ಕಾಲದ ದೊಡ್ಡ ಸಾಹಸ. ಬಳಿಕ ಎಲ್ಲ ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025–26ರ ಎರಡನೇ ಬೆಳೆಗೆ ಕಾಲುವೆ ನೀರು ಬಿಡದಿರಲು ತೀರ್ಮಾನವಾಯಿತು. ರೈತರಿಗೆ ಅದು ಕಷ್ಟದ ವರ್ಷ, ಎರಡು ಮಾತಿಲ್ಲ. ಆದರೆ ನೆಲವನ್ನು ಓದುವವರಿಗೆ ಅಂಥ ಬೇಸಿಗೆ ಸಿಗುವುದು ಅಪರೂಪ. ಭತ್ತದ ಹೊದಿಕೆ ಸರಿದು, ಎರೆ ಬೋಳಾಗಿ, ಸವಳು ಮೇಲೇಳುವ ತಿಂಗಳುಗಳ ಚಿತ್ರಗಳು ಗುಂಟೆ ಗುಂಟೆಯ ವಿವರದೊಂದಿಗೆ ಉಚಿತವಾಗಿ ಸಿಗುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ–ನಾಸಾಗಳ ನಿಸಾರ್ ಉಪಗ್ರಹ ರೇಡಾರ್ ಬೆಳಕಿನಲ್ಲಿ, ಮೋಡವಿದ್ದರೂ, 12 ದಿನಕ್ಕೊಮ್ಮೆ ಮಣ್ಣಿನ ತೇವ ಅಳೆಯಬಲ್ಲದು. ಜವಳಿನ ಗುರುತಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಒಣ ಸೀಮೆಯಲ್ಲಿ ಸುಜಲಾ ಮಾಡಿದ ಕೆಲಸ ಅಚ್ಚುಕಟ್ಟಿನಲ್ಲಿ ಈಗ ಆಗಬೇಕು. ಆ ಬೇಸಿಗೆಯ ಚಿತ್ರಗಳನ್ನು 1988ರ ಐಆರ್‌ಎಸ್ ಚಿತ್ರಗಳ ಜೊತೆ ಇಟ್ಟು, ಗಂಗಾವತಿ, ಕಾರಟಗಿಯ ಪ್ರತಿ ಸರ್ವೆ ನಂಬರಿನ ಮಣ್ಣು ಅಳೆದು, ನಕ್ಷೆ ಮಾಡುವ ಜನ ಗಂಗಾವತಿಯಲ್ಲಿ, ರಾಯಚೂರಿನಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ. ನಕ್ಷೆ ಇಡಲು ಜಾಗವೂ ಇದೆ. ರಾಜ್ಯ ದೂರಸಂವೇದಿ ಕೇಂದ್ರವೇ ಮಾಡಿದ ‘ದಿಶಾಂಕ್’ ಆ್ಯಪ್‌ನಲ್ಲಿ ರೈತ ಇವತ್ತು ನಿಂತ ಜಾಗದ ಸರ್ವೆ ನಂಬರ್ ನೋಡುತ್ತಾನೆ. ಅದೇ ಪರದೆಯ ಮೇಲೆ ಆ ನಂಬರಿನ ಸವಳು ಎಷ್ಟು, ಒಳನೀರು ಎಷ್ಟು ಆಳ, ಬಸಿನೀರು ಯಾವ ಹಳ್ಳಕ್ಕೆ ಎಂಬ ಮೂರು ಸಾಲು ಕನ್ನಡದಲ್ಲಿ ಬರಲಿ. ಮುನಿರಾಬಾದಿನ ನೀರಾವರಿ ಸಲಹಾ ಸಭೆಯಲ್ಲಿ ಪ್ರತಿ ವರ್ಷ ಎಷ್ಟು ಟಿಎಂಸಿ ಎಂದು ಮಾತಾಡುವಾಗ ಆ ನಕ್ಷೆಯೂ ಮೇಜಿನ ಮೇಲೆ ಇರಲಿ. ನೀರು ಬಳಕೆದಾರರ ಸಂಘದ ಸದಸ್ಯರು ಮುಂದಿನ ಸಭೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಮುಂದಿಡಲಿ.